ಅಂಗಿಯೊಳಗಿನ ಕಾವು

ರೆಸಿನ್ ಅಂಟಿನ ಘಾಟು ಇವತ್ತಿಗೂ ನನ್ನ ಮೂಗಿನಲ್ಲಿದೆ. ತುಸು ಸಿಹಿ, ತುಸು ಖಾರ, ತಲೆಗೇರುವಂಥದ್ದು. ಅಪ್ಪನ ಅಂಗಿಯನ್ನು ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ಗಣಿಯ ಮೇಲ್ಛಾವಣಿ ಕುಸಿಯದಂತೆ ಬೋಲ್ಟು ಕೂರಿಸುವವರಿಗೆ ಅಪ್ಪನೇ ಹಿರಿಯರು. ಬಂಡೆಯಲ್ಲಿ ತೂತು ಕೊರೆದು, ಅಂಟು ತುಂಬಿದ ಮೆತ್ತನೆಯ ಕೊಳವೆಯನ್ನು ಒಳಕ್ಕೆ ತಳ್ಳಿ, ಬೋಲ್ಟನ್ನು ತಿರುಗಿಸುತ್ತ ಏರಿಸಬೇಕು. ಅಂಟು ಕಲ್ಲಾದ ಮೇಲೆಯೇ ನಟ್ಟು ಬಿಗಿಯಬೇಕು. ಚಳಿಗೆ ಅದು ಬೇಗ ಗಟ್ಟಿಯಾಗುವುದಿಲ್ಲ. ಅದಕ್ಕೇ ಅಪ್ಪ ಕೊಳವೆಗಳನ್ನು ಅಂಗಿಯೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡುತ್ತಿದ್ದರು.

“ಭಾವ ಮೊಟ್ಟೆಗೆ ಕಾವು ಕೊಡ್ತಿದ್ದಾರೆ. ಮರಿ ಯಾವಾಗಂತೆ ಅಕ್ಕಾ?” ಎಂದು ನಗುತ್ತಿದ್ದ ನಮ್ಮ ಸೋದರಮಾವ. ಅವನಿಗೂ ಅಪ್ಪನ ಕೈಕೆಳಗೇ ಕೆಲಸ, ವಾಸ ನಮ್ಮ ಮನೆಯಲ್ಲೇ.

ಒಂದು ಚಳಿಗಾಲದ ಸಂಜೆ ಮಾವ ಒಬ್ಬನೇ ಬಂದ. ಮುಖ ಗಂಟಿಕ್ಕಿತ್ತು.

“ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದರು ಕಣಕ್ಕ, ನಿನ್ನ ಗಂಡ. ನಾನು ಕೂರಿಸಿದ ಬೋಲ್ಟು ಗಟ್ಟಿಯಿದೆಯಾ ಅಂತ ಜಾಕಿ ಹಾಕಿ ಎಳೆಸಿದ್ರು. ಜಾರಿತು. ಆ ಸಾಲಿನ ಕೆಳಗೆ ಯಾರೂ ಕಾಲಿಡಬೇಡಿ ಅಂದ್ರು. ಇನ್ನು ನನ್ನ ಯಾರು ನಂಬ್ತಾರೆ?”

“ಕೊಳವೆ ಬೆಚ್ಚಗೆ ಮಾಡಿದ್ಯೇನೋ?” ಎಂದಳು ಅಮ್ಮ.

“ನನಗೆ ಊಟ ಬೇಡ” ಎಂದು ಮಾವ ಹೊಸ್ತಿಲ ಮೇಲೆ ಕೂತುಬಿಟ್ಟ.

ಹೊತ್ತು ಮುಳುಗಿದ ಮೇಲೆ ಡ್ರಿಲ್ ಹಿಡಿಯುವವರೊಬ್ಬರು, ಅಪ್ಪ ಬರುವುದು ತಡವಾಗುತ್ತದೆಂದು ತಿಳಿಸಲು ಬಂದರು.

“ಬೋಲ್ಟು ಜಾರಿದ ಕಡೆ ಹೊಸ ತೂತು ಕೊರೆಯೋಕೆ ಮೊದಲೇ ಮಂಚದಷ್ಟು ಬಂಡೆ ಕಳಚಿ ಬಿತ್ತಮ್ಮ. ನಿಮ್ಮ ಯಜಮಾನರು ತಡೆದಿರದಿದ್ರೆ ನಾವೆಲ್ಲ ಅದರ ಕೆಳಗೇ ಇರ್ತಿದ್ವಿ.” ಆಮೇಲೆ ಮಾವನ ಕಡೆ ನೋಡದೆ ಹೇಳಿದರು: “ಯಾರ ತಪ್ಪು ಅಂತ ಸಾಹೇಬರು ಕೇಳಿದ್ರು. ‘ಚಳಿ ಹೆಚ್ಚಿತ್ತು, ಕೊಳವೆ ಮುಟ್ಟಿ ನೋಡಬೇಕಾದವನು ನಾನು, ನೋಡಲಿಲ್ಲ. ನಾಳೆ ನಮ್ಮ ಭಾಮೈದ ನನ್ನ ಜೊತೆಗೇ ಬೋಲ್ಟು ಕೂರಿಸ್ತಾನೆ’ ಅಂದ್ರು.”

ಅವರು ಹೋದ ಮೇಲೂ ಮಾವ ತಲೆಯೆತ್ತಲಿಲ್ಲ.

ಅಪ್ಪ ಬಂದಾಗ ರೆಪ್ಪೆಯ ಮೇಲೂ ಕಲ್ಲಿನ ಧೂಳು. ಕೈಕಾಲು ತೊಳೆದು ಗೋಡೆಗೊರಗಿ ಕೂತರು. ಅಮ್ಮ ಏಳುವ ಮೊದಲೇ ಮಾವ ಅಡುಗೆಮನೆಗೆ ಹೋದ. ಕುಡಿಯುವ ನೀರಿಗೂ ಅಕ್ಕನನ್ನೇ ಕೂಗುತ್ತಿದ್ದವನು ಒಲೆ ಹಚ್ಚಿದ ಸದ್ದು ಕೇಳಿಸಿತು. ನಾನು ಏನೋ ಹೇಳಹೊರಟೆ. ಅಮ್ಮ ಮೆಲ್ಲಗೆ ನನ್ನ ಕೈ ಅದುಮಿದಳು.

ಆರಿದ ಊಟವನ್ನೆಲ್ಲ ಬಿಸಿ ಮಾಡಿ ಬಡಿಸಿದ ತಟ್ಟೆಯನ್ನು ಮಾವ ಎರಡೂ ಕೈಯಲ್ಲಿ ತಂದು ಅಪ್ಪನ ಕೈಗಿಟ್ಟ.