ಹಿಂದಿನ ಚಕ್ರ ಬಿಸಿಯಾಗಿರಲಿಲ್ಲ

"ಹ್ಯಾಂಡ್‌ಬ್ರೇಕ್ ಹಾಕ್ಕೊಂಡೇ ಓಡಿಸಿರ್ತೀಯ," ಎಂದಿದ್ದ ಸುಧನ್ವ, ಕಾರಿನಲ್ಲಿ ಸುಟ್ಟ ವಾಸನೆ ಬಂದ ಮೊದಲ ದಿನವೇ. ಬಾನೆಟ್ ತೆರೆದು ನೋಡಿರಲಿಲ್ಲ.

ಹ್ಯಾಂಡ್‌ಬ್ರೇಕ್ ಇಳಿಸಿದ್ದೆ ಎಂದೇ ಹರಿಪ್ರಿಯಾಗೆ ಅನ್ನಿಸಿತ್ತು. ಆದರೆ ಗಂಡ ಅಷ್ಟು ಖಚಿತವಾಗಿ ಹೇಳಿದಾಗ ತನ್ನ ನೆನಪಿನ ಮೇಲೇ ಅನುಮಾನಪಡುವುದು ಮದುವೆಯಾದ ಏಳು ವರ್ಷಗಳಲ್ಲಿ ಅವಳಿಗೆ ಅಭ್ಯಾಸವಾಗಿಹೋಗಿತ್ತು.

"ಯಾರಿಗಾದ್ರೂ ತೋರಿಸೋವರೆಗೂ ಮುಟ್ಟಬೇಡ. ಫ್ರೀವೇ ಮೇಲೆ ಹತ್ಕೊಂಡ್ರೆ ಏನ್ಮಾಡ್ತೀಯ?"

ತೋರಿಸುವುದು ಈ ವಾರ, ಮುಂದಿನ ವಾರ ಎಂದು ಮೂರು ವಾರ ಕಳೆಯಿತು. ಮೌಂಟನ್ ವ್ಯೂನ ಆಫೀಸಿಗೆ ಹೋಗಿಬರಲು ಅವನಿಗೆ ಕಂಪನಿಯ ಬಸ್ಸಿತ್ತು. ಎವರ್‌ಗ್ರೀನ್ ಬಡಾವಣೆಯ ಮನೆಯ ಮುಂದೆ ಕಾರು ನಿಂತೇ ಇತ್ತು. ಅದು ಬೇಕಾಗಿದ್ದದ್ದು ಹರಿಪ್ರಿಯಾಗೆ. ಗಂಡನ ವೀಸಾದ ಮೇಲೆ ಬಂದು, ಕೆಲಸದ ಪರವಾನಗಿಯಿಲ್ಲದೆ ಐದು ವರ್ಷ ಮನೆಯಲ್ಲಿ ಕೂತವಳಿಗೆ ಈಗ ಲಿವರ್‌ಮೋರ್‌ನಲ್ಲಿ, ನೀರು ಪರೀಕ್ಷೆ ಮಾಡುವ ಸಣ್ಣದೊಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಕಾರಿಲ್ಲದೆ ದಿನವೂ ಅಲ್ಲಿಗೆ ಹೋಗಿಬರುವುದು ಆಗದ ಮಾತು. ಸೇರುವ ದಿನವನ್ನು ಅವಳು ಆಗಲೇ ಒಮ್ಮೆ ಮುಂದಕ್ಕೆ ಹಾಕಿಸಿಕೊಂಡಿದ್ದಳು. ಈ ಸೋಮವಾರವೂ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಅವರು ಬರೆದಿದ್ದರು.

ಕೆಲಸ ಬೇಡ ಎಂದು ಸುಧನ್ವ ಒಂದು ದಿನವೂ ಹೇಳಲಿಲ್ಲ. ಮಗಳನ್ನು ಡೇಕೇರಿಗೆ ಬಿಡುವವರು ಯಾರು ಎಂದೂ ಕೇಳಲಿಲ್ಲ. ಸುದ್ದಿ ಹೇಳಿದಾಗ "ಗುಡ್" ಎಂದು ಮತ್ತೆ ಫೋನಿಗೆ ತಲೆ ಬಗ್ಗಿಸಿದ್ದ. ಬೇಡ ಎನ್ನುವುದನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

ಶನಿವಾರ ಬೆಳಿಗ್ಗೆ ಅಪ್ಪ ಮಗಳು ಪಕ್ಕದ ಬೀದಿಯ ಈಜುಕೊಳಕ್ಕೆ ನಡೆದುಹೋದರು. ಹರಿಪ್ರಿಯಾ ಕೀ ತೆಗೆದುಕೊಂಡು ಬಶೀರರ ಗ್ಯಾರೇಜಿಗೆ ಹೊರಟಳು. ಮೈಸೂರಿನ ಬಶೀರ್ ಕನ್ನಡ ಮಾತಾಡುತ್ತಾರೆಂದು ಸುತ್ತಲಿನ ಕನ್ನಡದವರೆಲ್ಲ ಅವರಲ್ಲಿಗೇ ಹೋಗುತ್ತಿದ್ದರು. ಎಂಟು ನಿಮಿಷದ ದಾರಿ. ಐದನೆಯ ನಿಮಿಷಕ್ಕೆ ವಾಸನೆ ಶುರುವಾಯಿತು. ಅವಳು ಎರಡು ಸಲ ಹ್ಯಾಂಡ್‌ಬ್ರೇಕ್ ಮುಟ್ಟಿ ನೋಡಿಕೊಂಡಳು. ಕೆಳಗೇ ಇತ್ತು.

"ನನ್ನ ಡ್ರೈವಿಂಗೇ ಸರಿಯಿಲ್ಲ ಅನ್ಸುತ್ತೆ ಬಶೀರ್ ಭಾಯ್. ಹ್ಯಾಂಡ್‌ಬ್ರೇಕ್ ಹಾಕ್ಕೊಂಡೇ ಓಡಿಸ್ತೀನಂತೆ."

"ಯಾರು ಹೇಳಿದ್ದು?"

"ಮನೇಲಿ."

"ಇಲ್ಲಿಗೆ ಬರೋ ಹೆಂಗಸ್ರೆಲ್ಲ ತಪ್ಪು ಒಪ್ಕೊಂಡೇ ಕಾರಿಂದ ಇಳೀತಾರೆ," ಬಶೀರ್ ನಕ್ಕರು. "ಗಂಡಸ್ರು ಬಂದ್ರೆ ತಪ್ಪೆಲ್ಲ ಗಾಡೀದೇ." ನಾಲ್ಕೂ ಚಕ್ರಗಳ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಅಂಗೈಯನ್ನು ಮೊದಲು ದೂರ ಹಿಡಿದು, ಆಮೇಲೆ ಮುಟ್ಟಿದರು. "ಬನ್ನಿ ಅಮ್ಮಾ, ನೀವೇ ನೋಡಿ. ಬ್ರೇಕ್ ಹಿಡ್ಕೊಂಡಿದ್ರೆ ಹಿಂದಿನ ಚಕ್ರ ಮುಟ್ಟಕ್ಕೇ ಆಗಲ್ಲ, ಕೈ ಸುಟ್ಟೋಗುತ್ತೆ."

ಅವಳು ಮುಟ್ಟಿದಳು. ಬಿಸಿಯೇ ಇರಲಿಲ್ಲ. ಕೈ ಹಿಂದಕ್ಕೆ ತೆಗೆಯಲು ಮನಸ್ಸಾಗದೆ ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಳು.

ಬಶೀರ್ ಬಾನೆಟ್ ಎತ್ತಿ ಮೂಗು ಅರಳಿಸಿದರು. "ರಬ್ಬರ್ ವಾಸನೆ ಅಲ್ಲ, ಆಯಿಲ್ಲೂ ಅಲ್ಲ. ನಿಮ್ಮ ಗಾಡಿ ಬೀಡಿ ಸೇದ್ತಾ ಇದೆ ಅಮ್ಮಾ!" ಎಂದು ನಗುತ್ತ ಬಗ್ಗಿದವರು ನಗುವನ್ನು ಅಲ್ಲೇ ನಿಲ್ಲಿಸಿದರು. "ಅರೆ. ಇದನ್ನ ಇನ್ನೂ ತೆಗೆದಿಲ್ವಾ?"

ಇಂಜಿನ್ನಿನ ಹಿಂದೆ, ಹೊಗೆ ಹೋಗುವ ಪೈಪಿನ ಮೇಲೆ, ಮುಷ್ಟಿಗಾತ್ರದ ಬಟ್ಟೆಯ ಗಂಟೊಂದು ಜಾರಿ ಕೂತಿತ್ತು. ಒಂದು ಬದಿ ಕರಕಲಾಗಿತ್ತು. ಸುತ್ತ ಅರಿಶಿನದ ದಾರ.

ಅವಳಿಗೆ ಗೊತ್ತಾಯಿತು. ಇಲಿ ಒಮ್ಮೆ ಕಾರಿನ ವೈರು ಕಡಿದಿತ್ತು. ಅತ್ತೆ ನಂಜಮ್ಮ ಮೈಸೂರಿಗೆ ಹಿಂತಿರುಗುವ ಮುನ್ನ, ಊರಿನಲ್ಲಿ ಮಾಡುವ ಹಾಗೆ, ಇಲಿ ಹತ್ತಿರ ಸುಳಿಯದಿರಲೆಂದು ಹೊಗೆಸೊಪ್ಪಿನ ಗಂಟು ಮಾಡಿ ಮಗನ ಕೈಯಲ್ಲಿ ಬಾನೆಟ್ಟಿನೊಳಗೆ ಕಟ್ಟಿಸಿದ್ದರು. ಕಟ್ಟಲು ಆಗ ಕೈಗೆ ಸಿಕ್ಕ ದಾರ ಅದೇ ಇರಬೇಕು.

"ಇನ್ನೂ ಅಂದ್ರೆ?"

ಬಶೀರ್ ಕೈಯಲ್ಲಿದ್ದ ಬಟ್ಟೆಯಿಂದ, ಕೊಳೆಯಿಲ್ಲದ ಬೆರಳುಗಳನ್ನೇ ಒರೆಸಿಕೊಂಡರು.

"ಬೆಳ್ಳಿ ಬಣ್ಣದ ಗಾಡಿ ದಿನಾ ಹತ್ತು ಬರ್ತವೆ, ಮೊದ್ಲು ಗುರ್ತು ಸಿಗ್ಲಿಲ್ಲ. ಹೋದ ಬುಧವಾರ ಅಲ್ಲ, ಅದರ ಹಿಂದಿನ ಬುಧವಾರ, ಸಾರ್ ತಂದಿದ್ರಲ್ಲ ಅಮ್ಮಾ. ಅವತ್ತೇ ತೋರಿಸಿದ್ದೆ. ಅರಿಶಿನದ ದಾರ ನೋಡಿ, ದೇವ್ರದ್ದು ಇರಬೇಕು ಅಂತ ನಾನು ಕೈ ಹಾಕ್ಲಿಲ್ಲ. ಇಲ್ಲಾಂದ್ರೆ ಅವತ್ತೇ ಕಿತ್ತು ಬಿಸಾಕ್ತಿದ್ದೆ. ನಮ್ಮಮ್ಮ ಕೊಟ್ಟಿದ್ದು, ಮನೇಲಿ ನಾನೇ ತೆಗೀತೀನಿ ಅಂದ್ರು."

ಆ ಬುಧವಾರ ಸುಧನ್ವ ಮನೆಯಿಂದಲೇ ಕೆಲಸ ಮಾಡಿದ್ದ; ಅವಳು ಮಗಳನ್ನು ಲೈಬ್ರರಿಗೆ ನಡೆಸಿಕೊಂಡು ಹೋಗಿದ್ದಳು. ಸಂಜೆ ಊಟಕ್ಕೆ ಕೂತಾಗ ಗ್ಯಾರೇಜಿಗೆ ಫೋನ್ ಮಾಡಿದೆಯಾ ಎಂದು ಕೇಳಿದ್ದಳು. "ಸ್ಲಾಟ್ ಇಲ್ವಂತೆ," ಎಂದು ಅವನು ಸಾರಿನ ಪಾತ್ರೆ ಹತ್ತಿರ ಎಳೆದುಕೊಂಡಿದ್ದ.

"ಮರೆತಿರ್ತಾರೆ ಅಮ್ಮಾ," ಎಂದರು ಬಶೀರ್, ಅವಳ ಮುಖ ನೋಡದೆ.

"ಇದು ದೇವ್ರದ್ದಲ್ಲ. ತೆಗೀರಿ."

ಅವರು ಇಕ್ಕಳದಲ್ಲಿ ಹಿಡಿದೆಳೆದು ಬಕೆಟ್ಟಿನ ನೀರಿಗೆ ಹಾಕಿದರು. ಅದು ಚುಸ್ಸೆಂದಿತು. ಸುತ್ತಲಿನ ವೈರುಗಳನ್ನು ಒಂದೊಂದಾಗಿ ಎಳೆದು ನೋಡಿ, ಯಾವುದೂ ಕರಗಿಲ್ಲ ಎಂದರು. ಪೈಪಿಗೆ ಅಂಟಿದ ಮಸಿಯನ್ನು ಬ್ರಷ್ಷಿನಿಂದ ಕೆರೆದರು. ಇಬ್ಬರೂ ಗುಡ್ಡದ ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದರು; ಸೋಮವಾರದಿಂದ ಲಿವರ್‌ಮೋರ್‌ಗೆ ಓಡಾಡಬೇಕೆಂದು ದಾರಿಯಲ್ಲಿ ಅವಳು ಹೇಳಿದಳು. ವಾಸನೆ ಇರಲಿಲ್ಲ. ಒಟ್ಟು ಇಪ್ಪತ್ತು ನಿಮಿಷದ ಕೆಲಸ.

"ಲಿವರ್‌ಮೋರ್ ಏನು, ಲಾಸ್ ಏಂಜಲೀಸ್‌ವರೆಗೂ ಹೋಗಿ," ಎಂದರು ಬಶೀರ್. ಅವಳು ನಗಲಿಲ್ಲ.

ಮನೆಯ ದಾರಿಯಲ್ಲಿ ಅವಳು ಒಂದು ತೀರ್ಮಾನಕ್ಕೆ ಬಂದಳು. ಸುಧನ್ವ ಮರೆತುಹೋಯಿತು ಎಂದರೆ ನಂಬಿಬಿಡಬೇಕು. ಎರಡು ಮಾತು ಬೈದು ಅಲ್ಲಿಗೇ ಬಿಡಬೇಕು.

ಸುಧನ್ವ ಬಾಗಿಲಲ್ಲೇ ಕೂತು ಮಗಳ ಒದ್ದೆ ಕೂದಲು ಒರೆಸುತ್ತಿದ್ದ.

"ಎಲ್ಲಿಗೆ ಹೋಗಿದ್ದೆ?"

"ಬಶೀರ್ ಭಾಯ್ ಹತ್ರ."

ಟವೆಲ್ ಹಿಡಿದ ಕೈ ಒಂದು ಕ್ಷಣ ನಿಂತು ಮತ್ತೆ ಆಡತೊಡಗಿತು. ಅವಳು ಕಾದಳು. ಒಂದು ಸುಳ್ಳನ್ನಾದರೂ ಹೇಳುತ್ತಾನೆ, ಅಷ್ಟು ಕಷ್ಟವನ್ನಾದರೂ ತನಗಾಗಿ ತೆಗೆದುಕೊಳ್ಳುತ್ತಾನೆ ಎಂದು ಕಾದಳು.

"ಸೋಮವಾರ ನಂಗೆ ಎಂಟೂವರೆಗೆ ಮೀಟಿಂಗಿದೆ," ಎಂದ ಅವನು.

"ಡೇಕೇರು ಏಳಕ್ಕೇ ತೆಗೀತಾರೆ. ಬಿಟ್ಟು ಹೋಗು. ನಾನು ಆರೂಮುಕ್ಕಾಲಿಗೆ ಹೊರಡ್ತೀನಿ."

ಅವನು ಟವೆಲನ್ನು ಮಗಳ ತಲೆಯ ಮೇಲೆ ಪೂರ್ತಿ ಹೊದಿಸಿದ.

"ಅಪ್ಪಾ, ಇಟ್ಸ್ ಡ್ರೈ ಆಲ್ರೆಡಿ," ಎಂದಳು ಮಗಳು, ಟವೆಲಿನ ಒಳಗಿಂದ.

ಅವನು ಒರೆಸುತ್ತಲೇ ಇದ್ದ.