ಉಣ್ಣುವ ಮೊದಲು

ಶಿವದೇವಿ ಸೀಟ್ ಬೆಲ್ಟನ್ನು ಜೋರಾಗಿ ಎಳೆದಳು. ಪೂರ್ತಿ ಹೊರಬಂದ ಪಟ್ಟಿಯ ಕೊನೆಯಲ್ಲಿ ಗೇಣುದ್ದ ಕೆಸರು ಒಣಗಿ ಅಂಟಿತ್ತು. ಸೀರೆಯ ಮೇಲೆ ಕಂದು ಪುಡಿ ಉದುರಿತು.

"ಇದು ಹ್ವಾದ ಮಳಿಗಾಲದಾಗ ನೀರಾಗ ಮುಳುಗಿದ್ದ ಗಾಡಿರಿ," ಎಂದಳು.

ಗಂಡ ವೀರಭದ್ರಪ್ಪನ ಮೈ ಉರಿಯಿತು. ಈ ಹಳೆಯ ಮಾರುತಿ ಕಾರನ್ನು ಮಾರಿದವನು ಹೊರಗಿನವನಲ್ಲ. ತನ್ನದೇ ಕಾರ್ಖಾನೆಯಲ್ಲಿ ದುಡಿಯುವ, ತನ್ನದೇ ಬೀದರ್ ಸೀಮೆಯ ವೈಜನಾಥ. ಮೆಕ್ಯಾನಿಕ್‌ನನ್ನು ಕರೆದೊಯ್ಯೋಣ ಎಂದು ಶಿವದೇವಿ ಬಡಕೊಂಡಿದ್ದಳು. ಆದರೆ ಇವರು ಮನೆಗೆ ಹೋದ ಕೂಡಲೇ ವೈಜನಾಥ ತಾಟು ಹಾಕಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದ. ಉಂಡ ಮನೆಯ ಗಾಡಿ ಬಿಚ್ಚಿಸಿ ನೋಡುವುದು ಮರ್ಯಾದೆಯೇ? ವೀರಭದ್ರಪ್ಪ ಕಾರಿಗೆ ಒಂದು ಸುತ್ತು ಹಾಕಿ ಕೈಮುಗಿದು ಬಂದಿದ್ದ. ಬೇರೆ ಯಾರದ್ದಾದರೂ ಆಗಿದ್ದರೆ ನಟ್ಟು ನಟ್ಟೂ ಬಿಚ್ಚಿಸುತ್ತಿದ್ದ ಮನುಷ್ಯ, ಈ ತೆಲುಗು ಊರಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ಮಂಕಾದ.

ಜಗಳಕ್ಕೆ ಹೋದರೆ ವೈಜನಾಥ ಚಹಾ ಕೊಟ್ಟ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ ಎಂದ. ಆ ಚಹಾ ಅವನ ಮುಖಕ್ಕೇ ಎರಚಬೇಕಿತ್ತು. ವೀರಭದ್ರಪ್ಪ ಕುಡಿದು ಬಂದ.

ಮುಂದಿನ ವಾರ ಕೂಕಟ್‌ಪಲ್ಲಿಯ ನಡುರಸ್ತೆಯಲ್ಲಿ ಕಾರು ಗಕ್ಕನೆ ನಿಂತಿತು. ಹಿಂದಿನ ಲಾರಿಯ ಡಿಕ್ಕಿ ಕೂದಲೆಳೆಯಲ್ಲಿ ತಪ್ಪಿತು. ತೊಡೆಯ ಮೇಲಿದ್ದ ಮಗಳು ಕಿರುಚಿದ್ದು ಶಿವದೇವಿಯ ಕಿವಿಯಿಂದ ಹೋಗಲೇ ಇಲ್ಲ.

ಗಾಡಿ ದಾಟಿಸಲು ವೀರಭದ್ರಪ್ಪನಿಗೆ ಬೇರೆಯದೇ ದಾರಿ ಹೊಳೆದಿತ್ತು. ಧಾರವಾಡದಿಂದ ಕಾರ್ಖಾನೆಗೆ ಹೊಸದಾಗಿ ವರ್ಗವಾಗಿ ಬಂದ ಚನ್ನಬಸಪ್ಪ ಕಾರು ಹುಡುಕುತ್ತಿದ್ದ. ಅವನನ್ನು ಹೆಂಡತಿ, ಕೂಸಿನ ಸಮೇತ ಭಾನುವಾರ ಊಟಕ್ಕೆ ಕರೆದ. ಎಣ್ಣೆಗಾಯಿ ಮಾಡು ಎಂದು ಶಿವದೇವಿಗೆ ಹೇಳಿದ. ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಬದನೆಕಾಯಿ ಸೀಳಲು ಕೂತಳು.

ಬಂದವರು ಕೈತೊಳೆದು ತಾಟಿನ ಮುಂದೆ ಕೂತರು. ಊರಿನ ಮಾತು, ನಗು. ಶಿವದೇವಿ ಬರಿಗೈಯಲ್ಲಿ ಹೊರಬಂದಳು.

"ಅಣ್ಣಾರ, ಏಳ್ರಿ. ಮೊದಲ ಗಾಡಿ ನೋಡ್ರಿ. ನಮ್ಮ ಮನ್ಯಾಗ ಉಂಡ ಮ್ಯಾಲ ನಿಮಗ ಕೇಳಾಕ ಬಾಯಿ ಬರಂಗಿಲ್ಲ."

ಬಂದವರ ಮುಂದೆ ಇದೇನು ಮಾತು ಎಂದು ವೀರಭದ್ರಪ್ಪ ಗದರಿದ.

"ವೈಜನಾಥನ ಮನ್ಯಾಗ ಉಂಡದ್ದ ನನಗಿನ್ನೂ ಅರಗಿಲ್ರಿ," ಎಂದಳು. "ಇವರದೂ ಕೂಸು ಐತಿ."

ಅಂಗಳಕ್ಕಿಳಿದು ಕಾರಿನ ಬಾಗಿಲು ತೆರೆದು ಬೆಲ್ಟನ್ನು ಕೊನೆತನಕ ಎಳೆದು ಬಿಟ್ಟಳು. ಅದು ಒಳಗೆ ಹೋಗಲಿಲ್ಲ, ನೆಲದ ತನಕ ಜೋತುಬಿತ್ತು. ಚನ್ನಬಸಪ್ಪ ಬಗ್ಗಿ ಕೆಸರನ್ನು ಬೆರಳಿನಿಂದ ಉಜ್ಜಿ ನೋಡಿದ. ಒಳಗೆ, ಖಾಲಿ ತಾಟುಗಳ ಸಾಲಿನಲ್ಲಿ, ವೀರಭದ್ರಪ್ಪ ಒಬ್ಬನೇ ಕೂತಿದ್ದ.