ಅಂಗಾಲಿನ ತೀರ್ಪು

ಕಾರ್ನೀಲಿಯಸ್ ಹ್ಯಾನ್ರಟಿಯವರು ರಂಗದ ಮೇಲಿನ ಆಟವನ್ನು ಅಂಗಾಲಿನಿಂದ ಅಳೆಯುತ್ತಿದ್ದರು. ಸೋಮವಾರ ಮಧ್ಯಾಹ್ನ, ವಾರದ ಮೊದಲ ಪ್ರದರ್ಶನಕ್ಕೆ ಪರದೆ ಏಳುವ ಹೊತ್ತಿಗೆ, ನಮ್ಮ ಆರ್ಕೇಡಿಯಾ ಥಿಯೇಟರಿನ ಈ ಮ್ಯಾನೇಜರು ಕಟ್ಟಕಡೆಯ ಸಾಲಿನ ಹಿಂದಿನ ಗೋಡೆಗೆ ಬೆನ್ನು ಕೊಟ್ಟು, ಎರಡೂ ಬೂಟು ಕಳಚಿ ಪಕ್ಕಕ್ಕಿಟ್ಟು, ಹಿಮ್ಮಡಿಗೆ ತೇಪೆ ಹಾಕಿದ ಉಣ್ಣೆಯ ಕಾಲುಚೀಲದಲ್ಲಿ ಹಲಗೆಯ ನೆಲದ ಮೇಲೆ ನಿಂತು, ನಿಧಾನವಾಗಿ ಕಣ್ಣು ಮುಚ್ಚಿಬಿಡುತ್ತಿದ್ದರು. ಆ ವಾರಕ್ಕೆಂದು ಹೊಸದಾಗಿ ಬಂದ ಹಾಡು, ಕುಣಿತ, ಹಾಸ್ಯದ ಕಲಾವಿದರು ರಂಗದಿಂದಲೇ ಇದನ್ನು ಕಂಡು, ಯಜಮಾನರು ಊಟ ಮಾಡಿ ನಿದ್ದೆ ತೆಗೆಯುತ್ತಿದ್ದಾರೆ ಎಂದುಕೊಂಡು ನಿರಾಳವಾಗುತ್ತಿದ್ದರು. ಆಟ ಮುಗಿದು ಅವರ ತೀರ್ಪು ಕೇಳಿದ ಮೇಲೆ ಆ ನಿರಾಳ ಉಳಿಯುತ್ತಿರಲಿಲ್ಲ.

ನಮ್ಮೂರಾದ ಫಾಲ್ ರಿವರ್‌ನಲ್ಲಿ ಆಟ ಅಳೆಯುವುದಕ್ಕೆ ಬೇರೆ ದಾರಿಯೂ ಇರಲಿಲ್ಲವೆನ್ನಿ. ಊರಿಗೆ ಊರೇ ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದ ಕಾಲ ಅದು. ಮಗ್ಗಗಳ ಅವಿರತ ಘೋಷದಲ್ಲಿ ನೇಯುವವರ ಕಿವಿ ಮಂದವಾಗಿ, ಒಬ್ಬರ ತುಟಿಯನ್ನು ಒಬ್ಬರು ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದರು. ಇಂಥ ಪ್ರೇಕ್ಷಕರು ಚಪ್ಪಾಳೆಯ ವಿಷಯದಲ್ಲಿ ಮಹಾ ಜಿಪುಣರು. ಆದರೆ ಮನಸ್ಸು ಒಪ್ಪಿತೋ, ಅವರ ಕಾಲು ತನಗೆ ತಾನೇ ತಾಳ ಹಿಡಿಯುತ್ತಿತ್ತು; ಬೇಸರ ಬಂತೋ, ಬೂಟು ನೆಲವನ್ನು ಪರಪರ ಉಜ್ಜತೊಡಗುತ್ತಿತ್ತು. ನೇಯುವ ತಾಯಿಯ ಮಗನಾಗಿ ಬೆಳೆದು, ಮುಂದೆ ಮರದ ಅಟ್ಟೆಯ ಬೂಟು ತೊಟ್ಟು ಕುಣಿಯುವ ನರ್ತಕರಾಗಿ ಹೆಸರು ಮಾಡಿದ್ದ ಹ್ಯಾನ್ರಟಿಯವರಿಗೆ ಆ ಸುದ್ದಿಯೆಲ್ಲ ಹಲಗೆಯ ಮೂಲಕ ನೇರವಾಗಿ ಬಂದು ತಲುಪುತ್ತಿತ್ತು. ರಂಗದ ಮುಂದಿನ ತಗ್ಗಿನಲ್ಲಿ ಕೂತು ಪಿಯಾನೋ ನುಡಿಸುತ್ತಿದ್ದ ನಾನು ಎಷ್ಟೋ ಸಲ ಕದ್ದು ಬೂಟು ಬಿಚ್ಚಿ ನೋಡಿದ್ದೇನೆ. ನನಗೆ ಸಿಕ್ಕಿದ್ದು ನೆಗಡಿಯೊಂದೇ.

ಹ್ಯಾನ್ರಟಿಯವರು ಆಳು ಕುಳ್ಳು. ಕುಣಿತ ಬಿಡಿಸಿದ ಬಲ ಮಂಡಿ ಮಡಚುತ್ತಿರಲಿಲ್ಲವಾದ್ದರಿಂದ ಆ ಕಾಲನ್ನು ಅರ್ಧ ವೃತ್ತಾಕಾರವಾಗಿ ಬೀಸಿ, ಎದುರಿಗಿದ್ದ ಯಾರನ್ನೋ ಪಕ್ಕಕ್ಕೆ ಸರಿಸುವವರಂತೆ ನಡೆಯುತ್ತಿದ್ದರು. ಜುಲೈ ತಿಂಗಳ ಧಗೆಯಲ್ಲೂ ಮೈಮೇಲೆ ಅದೇ ದಪ್ಪ ಹಸಿರು ಕೋಟು, ಮಖಮಲ್ಲಿನ ಕಾಲರು ನುಣುಪಾಗಿ ಸವೆದದ್ದು. ಅದರ ಜೇಬುಗಳಲ್ಲಿ ಸದಾ ಹುರಿದ ಕಡಲೆಕಾಯಿ. ಅವರು ಓಡಾಡಿದಲ್ಲೆಲ್ಲ ಸಿಪ್ಪೆ ಬೀಳುತ್ತಿತ್ತು, ಗುಡಿಸುವ ಮಿಸೆಸ್ ಡ್ಯುಬೆ ಅವರನ್ನು ಫ್ರೆಂಚ್ ಭಾಷೆಯಲ್ಲಿ ಬೈಯುತ್ತಿದ್ದಳು, ಅವರು ತಿಳಿಯದವರಂತೆ ಟೋಪಿ ಎತ್ತಿ ವಂದಿಸುತ್ತಿದ್ದರು.

ಮಧ್ಯಾಹ್ನದ ಆಟ ನೋಡಿ, ಯಾರನ್ನು ಉಳಿಸಬೇಕು, ಯಾರ ಆಟವನ್ನು ಕತ್ತರಿಸಬೇಕು, ಯಾರನ್ನು ರೈಲು ಹತ್ತಿಸಬೇಕು ಎಂದು ಸಂಜೆಯೊಳಗೆ ನಿರ್ಧರಿಸುವುದು ಎಲ್ಲ ಮ್ಯಾನೇಜರುಗಳ ಕೆಲಸ. ಉಳಿದವರು ಚೀಟಿ ಕಳಿಸಿ ಕೈತೊಳೆದುಕೊಳ್ಳುತ್ತಿದ್ದರು. ಇವರು ಮಾತ್ರ ರಂಗದ ಕೆಳಗಿನ ಕೋಣೆಗಳಿಗೆ ಕುಂಟುತ್ತ ತಾವೇ ಇಳಿದು ಬಂದು, ಬಾಗಿಲಲ್ಲಿ ನಿಂತು, “ಕೋಪ ಮಾಡ್ಕೋಬೇಡಿ, ಆದ್ರೆ…” ಎಂದು ಶುರು ಮಾಡುತ್ತಿದ್ದರು. ಆ ಪೀಠಿಕೆ ಕೇಳಿದರೆ ಸಿಂಹದ ಬಾಯಿಗೆ ತಲೆ ಕೊಡುವವರೂ ಬೆವರುತ್ತಿದ್ದರು. ಬಾಸ್ಟನ್ನಿನಿಂದ ಬಂದ ಹಾಸ್ಯಗಾರನೊಬ್ಬನಿಗೆ ಪೊದೆಮೀಸೆ. ತುಟಿಯೇ ಕಾಣದ ಮೇಲೆ ನಮ್ಮವರು ನಗುವುದು ಯಾವುದಕ್ಕೆ? ಮೀಸೆ ಬೇಕೋ ಸಂಜೆಯ ಆಟ ಬೇಕೋ ನೋಡಿಕೊಳ್ಳಿ ಎಂದರು ಹ್ಯಾನ್ರಟಿ. ಅವನು ಅಳುವ ಮುಖ ಮಾಡಿಕೊಂಡು ಬೋಳಿಸಿಕೊಂಡ. ಶನಿವಾರದ ತನಕ ಗಿರಣಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಮ್ಮೆ ನಾಯಿ ಕುಣಿಸುವವಳ ಒಂದು ಮುದಿ ನಾಯಿ ಹೇಳಿದ್ದನ್ನು ಮಾಡದೆ ಸುಮ್ಮನೆ ಕೂತು ಆಕಳಿಸಿಬಿಟ್ಟಿತು. ಆಕೆ ನಾಚಿಕೆಯಿಂದ ಪೆಟ್ಟಿಗೆ ಕಟ್ಟುತ್ತಿದ್ದರೆ ಇವರು ಹೋಗಿ, ಉಳಿದ ನಾಯಿಗಳು ಹೇಗಾದರೂ ಇರಲಿ, ಈ ಮಹಾನುಭಾವ ಮಾತ್ರ ದಿನವೂ ಮಾತು ಕೇಳಬಾರದು ಎಂದು ಅಪ್ಪಣೆ ಮಾಡಿದರು. ಮಾತು ಕೇಳದಿರುವುದನ್ನು ಅದಕ್ಕೆ ಕಲಿಸಲು ಪಾಪ ಆಕೆಗೆ ಸಾಕುಸಾಕಾಯಿತು.

ಒಂದು ನವೆಂಬರಿನಲ್ಲಿ ವಾರದ ಪಟ್ಟಿಯಲ್ಲಿ ಸೈಲಸ್ ಬ್ಯಾಮ್‌ಫರ್ಡ್ ಎಂಬ ಹೆಸರು ಕಂಡಾಗ ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಹ್ಯಾನ್ರಟಿಯವರ ಮಂಡಿ ಗಟ್ಟಿಯಿದ್ದ ಕಾಲದಲ್ಲಿ ಅವರ ಜೋಡಿಯಾಗಿ ಊರೂರು ಕುಣಿದವನು ಆತ. ಒಂದೇ ಹಾಸಿಗೆ, ಒಂದೇ ತಟ್ಟೆ ಎಂಬಂಥ ಸ್ನೇಹ. ಈಗ ವಯಸ್ಸು ಅರವತ್ತು ದಾಟಿತ್ತು, ಹಿಂದಿನ ಊರಿನ ಮ್ಯಾನೇಜರು ಅರ್ಧ ವಾರಕ್ಕೇ ಆತನನ್ನು ಕಳಿಸಿಬಿಟ್ಟಿದ್ದ. ಇಲ್ಲಿಯೂ ಹಾಗಾದರೆ ಮುಂದಿನ ಯಾವ ಥಿಯೇಟರೂ ಆತನನ್ನು ಒಳಗೆ ಬಿಡುವುದಿಲ್ಲ, ಆ ಚಳಿಗಾಲದಿಂದಾಚೆಗೆ ಆತನಿಗೆ ರಂಗವೆಂಬುದೇ ಇಲ್ಲ ಎಂಬುದು ನಮಗೂ ಗೊತ್ತಿತ್ತು, ಆತನಿಗೂ ಗೊತ್ತಿತ್ತು.

ಸೋಮವಾರ ಆತ ಬಂದ, ಎರಡು ಸುತ್ತು ಕುಣಿದ, ಉಬ್ಬಸ ಬಂತು. ಉಸಿರು ಹಿಡಿಯಲೆಂದು ತಾಯಿಯ ಮೇಲೊಂದು ಹಾಡು ಹೇಳಿದ, ಅತ್ತೆಯ ಮೇಲೊಂದು ಹಾಸ್ಯ ಬಿಟ್ಟ, ಮತ್ತೆ ಕುಣಿಯಹೋಗಿ ತಪ್ಪಿದ. ಹಿಂದಿನ ಸಾಲುಗಳಲ್ಲಿ ಬೂಟುಗಳು ನೆಲ ಉಜ್ಜತೊಡಗಿದವು. ನನಗೆ ಹಿಂದಿನ ಗೋಡೆಯತ್ತ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಸಂಜೆಗೆ ಆ ಹಾಡು ಇರುತ್ತದೋ ಇಲ್ಲವೋ ಕೇಳೋಣವೆಂದು ಸ್ವರದ ಹಾಳೆ ಹಿಡಿದು ನಾನು ಬ್ಯಾಮ್‌ಫರ್ಡನ ಕೋಣೆಯಲ್ಲಿ ನಿಂತಿದ್ದಾಗ ಹ್ಯಾನ್ರಟಿಯವರು ಬೂಟುಗಳನ್ನು ಕೈಯಲ್ಲಿ ಹಿಡಿದೇ ಬಂದರು. ಅಂದು ಆ ಪೀಠಿಕೆ ಇರಲಿಲ್ಲ. ಹಾಡು ಬೇಡ, ಹಾಸ್ಯ ಬೇಡ, ಪಿಯಾನೋ ಸಹ ಬೇಡ ಎಂದು ಒಂದೊಂದಾಗಿ ಕತ್ತರಿಸಿದರು. ಆಮೇಲೆ ಮೂಲೆಯಲ್ಲಿದ್ದ ಕುರ್ಚಿಯನ್ನು ಮುಂದಕ್ಕೆಳೆದರು.

“ಇದ್ರ ಮೇಲೆ ಕೂತ್ಕೊಂಡು ಕುಣಿ, ಸೈಲಸ್. ಬರೀ ಕಾಲು. ಮಗ್ಗ ಓಡೋ ತಾಳ ಹಿಡಿ.”

ಬ್ಯಾಮ್‌ಫರ್ಡನ ಮುಖ ಕೆಂಪಾಯಿತು. “ನಿನ್ನೆ ಮೊನ್ನೆ ಬಂದೋರ ಮುಂದೆ ನನ್ನನ್ನ ಮುದುಕನ್ನ ಮಾಡಿ ಕೂರಿಸ್ತೀಯೇನೋ? ಅದಕ್ಕಿಂತ ಮನೆಗೆ ಹೋಗು ಅಂದ್ಬಿಡು.”

“ಕೂತ್ಕೊಂಡ್ರೆ ಕುಣೀತೀಯ. ನಿಂತ್ರೆ ಮನೆಗೇ ಹೋಗ್ತೀಯ. ನಿಂಗೆ ಯಾವುದು ಬೇಕೋ ಹೇಳು.”

“ಕನಿಕರ ತೋರಿಸ್ತಿದ್ದೀಯ.”

“ಕನಿಕರ ಪಟ್ಟಿದ್ರೆ, ‘ಚೆನ್ನಾಗಿತ್ತು ಕಣೋ’ ಅಂದ್ಬಿಟ್ಟು ಹೋಗ್ತಿದ್ದೆ” ಎಂದರು ಹ್ಯಾನ್ರಟಿ.

ಸಂಜೆ ಬ್ಯಾಮ್‌ಫರ್ಡ್ ಕೂತ. ವಾದ್ಯಗಳೆಲ್ಲ ಸುಮ್ಮನಿದ್ದವು. ಮೊದಲು ಒಂದೇ ಹಿಮ್ಮಡಿ, ಆಮೇಲೆ ಎರಡು, ಆಮೇಲೆ ಮರದ ಅಟ್ಟೆಗಳೆರಡೂ ಸೇರಿ ಮಗ್ಗದ ಓಟ ಹಿಡಿದವು, ಆ ಸದ್ದಿನಲ್ಲೇ ಲಾಳಿ ಅತ್ತಿಂದಿತ್ತ ಹಾರಿತು, ನೂಲು ಹರಿಯಿತು, ಮತ್ತೆ ಕೂಡಿತು. ಕಿವಿ ಕೇಳದ ಮುದುಕಿಯರು ಮೈ ನೆಟ್ಟಗೆ ಮಾಡಿ ಕೂತರು, ಏಕೆಂದರೆ ಆ ನಾದ ಅವರಿಗೆ ನೆಲದಿಂದ ಹತ್ತಿ ಬರುತ್ತಿತ್ತು. ನೋಡನೋಡುತ್ತ ಇಡೀ ಸಭೆಯ ಕಾಲು ಆತನ ಕಾಲಿನೊಡನೆ ಸೇರಿಕೊಂಡಿತು. ನನ್ನ ಪಿಯಾನೋದ ತಂತಿಗಳು ಯಾರೂ ಮುಟ್ಟದೆ ಗುಂಯ್‌ಗುಟ್ಟಿದವು. ನನಗೆ ಕಣ್ಣೀರು ಬಂತು, ಅದರಲ್ಲಿ ಮುಚ್ಚಿಡುವುದೇನಿದೆ?

ಅಷ್ಟಾದ ಮೇಲೆ ಆ ಪುಣ್ಯಾತ್ಮ ಎದ್ದು ನಿಂತ. ಜನ ಹುಚ್ಚೆದ್ದು ಕೂಗುತ್ತಿದ್ದರು; ಹಳೆಯ ದೊಡ್ಡ ಜಿಗಿತವೊಂದನ್ನು ತೋರಿಸಿಯೇ ಬಿಡೋಣವೆಂದು ಕುರ್ಚಿಯನ್ನು ಕಾಲಿಂದ ಹಿಂದಕ್ಕೆ ತಳ್ಳಿದ. ಹಿಂದಿನ ಗೋಡೆಯಿಂದ ಹ್ಯಾನ್ರಟಿಯವರ ಕೈ ಮೇಲೆದ್ದಿತು. ಆ ಸನ್ನೆಗೆ ಪರದೆ ಬಿದ್ದುಬಿಟ್ಟಿತು. ತನಗಾಗಿ ಸಭೆ ಭೋರ್ಗರೆಯುತ್ತಿರುವಾಗ ಬ್ಯಾಮ್‌ಫರ್ಡ್ ಪರದೆಯ ಹಿಂದೆ ಒಬ್ಬನೇ ನಿಂತಿದ್ದ.

ಆತ ಇದನ್ನು ಕ್ಷಮಿಸಲಿಲ್ಲ. ಆ ವಾರವೆಲ್ಲ ಕುಣಿದ, ಆ ಚಳಿಗಾಲವೆಲ್ಲ ಊರಿಂದೂರಿಗೆ ಕುರ್ಚಿಯ ಮೇಲೆ ಕೂತೇ ಕುಣಿದ, ಮುಂದಿನ ಚಳಿಗಾಲವೂ ಕುಣಿದ. ‘ಕುರ್ಚಿಯ ಬ್ಯಾಮ್‌ಫರ್ಡ್’ ಎಂದು ದೊಡ್ಡ ಅಕ್ಷರದಲ್ಲಿ ಹೆಸರು ಹಾಕಿಸಿಕೊಂಡ. ನಮ್ಮ ಊರಿಗೆ ಮತ್ತೆ ಬಂದಾಗ ಹ್ಯಾನ್ರಟಿಯವರ ಪಕ್ಕದಲ್ಲೇ ಹಾದುಹೋದ, ತಲೆ ಎತ್ತಿ ಮಾತಾಡಿಸಲಿಲ್ಲ. ನನಗೆ ತಡೆಯಲಾಗದೆ, ಇಷ್ಟು ಮಾಡಿದವರಿಗೆ ಇದೇ ಪ್ರತಿಫಲವೇ ಯಜಮಾನ್ರೇ ಎಂದು ಕೇಳಿಯೇಬಿಟ್ಟೆ. ಅವರು ಕಡಲೆಕಾಯಿ ಬಿಡಿಸುತ್ತ, “ಎಡಗಾಲು ಮೊದಲಿಗಿಂತ ಚೆನ್ನಾಗಿ ಬೀಳ್ತಿದೆ, ನೋಡಿದ್ರಾ?” ಎಂದರು.

ಚೆನ್ನಾಗಿದೆ ಎಂದು ಬೆನ್ನು ತಟ್ಟುವವರು ಕಲಾವಿದನಿಗೆ ಎಲ್ಲಿ ಹೋದರೂ ಸಿಗುತ್ತಾರೆ, ಸಾಕು ಎಂದು ಮುಖ ತಿರುಗಿಸುವವರೂ ಸಿಗುತ್ತಾರೆ. ಆತನಲ್ಲಿ ಇನ್ನೂ ಉಳಿದಿರುವುದು ಎಷ್ಟು, ಅದು ಎಲ್ಲಿದೆ ಎಂದು ಹುಡುಕಿ, ಮಿಕ್ಕಿದ್ದನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ ಒಗೆಯುವವರು ಅಪರೂಪ. ಕತ್ತರಿ ಹಿಡಿದ ಕೈಯನ್ನು ಯಾರೂ ಪ್ರೀತಿಸುವುದಿಲ್ಲ. ಇಂಥವರು ಅದನ್ನು ಮೊದಲೇ ಬಲ್ಲರು. ತಾವು ಉಳಿಸಿದ ಮನುಷ್ಯ ತಮ್ಮನ್ನು ಬಿಟ್ಟು ಹೋಗುವುದನ್ನು ನೋಡುತ್ತ, ಅವನ ಹೆಜ್ಜೆ ಸರಿಯಾಗಿ ಬೀಳುತ್ತಿದೆಯೇ ಎಂದಷ್ಟೇ ಗಮನಿಸುತ್ತಾರೆ.